ತರಗತಿಯೊಳಗೆ ಆಟ: ಮಕ್ಕಳ ಆರೋಗ್ಯಕ್ಕೊಂದು ಸುಲಭೋಪಾಯ

ಮಕ್ಕಳು ಆಡಿಯೇ ಬೆಳೆಯಬೇಕೆಂಬುದನ್ನು ನಮ್ಮ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊರಿನಲ್ಲಿ ಮನೆಯ ಮುಂದೆ ಅಂಗಳವಿತ್ತು. ಅಂಗಳದಾಚೆ ಕೊಯ್ಲು ಮುಗಿದ ಗದ್ದೆಯಿತ್ತು. ಶಾಲೆಯಿಂದ ಬಂದ ಮಗು ಚೀಲವನ್ನು ಜಗಲಿಯ ಮೇಲಿಟ್ಟು ಹೊರಗೋಡಿದರೆ ಮರಳುತ್ತಿದ್ದುದು ದೀಪ ಹಚ್ಚುವ ಹೊತ್ತಿಗೆ. ಲಗೋರಿ, ಚಿನ್ನಿದಾಂಡು, ಕುಂಟಾಬಿಲ್ಲೆ, ಮರಕೋತಿ ಮುಂತಾದ ಆಟಗಳಿಗೆ ಶಿಕ್ಷಕರೂ ಬೇಕಿರಲಿಲ್ಲ, ಖರ್ಚಿನ ಸಲಕರಣೆಗಳೂ ಬೇಕಿರಲಿಲ್ಲ. ಜೀವನೋಪಾಯವನ್ನರಸಿ ಈ ಮಹಾನಗರಿಗೆ ಬಂದು, ಬಾಡಿಗೆ ಏರಿದಂತೆಲ್ಲ ಉತ್ತರಕ್ಕೆ ಸರಿಯುತ್ತ, ಕೊನೆಗೆ ಮುಂಬಯಿಯ ಗಡಿಯಾದ ದಹಿಸರ್‌ನಲ್ಲಿ ನೆಲೆಸಿದ ನಮ್ಮಂಥವರ ಮಕ್ಕಳಿಗೆ ಆ ಅಂಗಳವೂ ಇಲ್ಲ, ಗದ್ದೆಯೂ ಇಲ್ಲ. ಕಟ್ಟಡದ ಕೆಳಗೆ ಇದ್ದ ಕಿರುಜಾಗವನ್ನು ವಾಹನಗಳು ಆಕ್ರಮಿಸಿವೆ. ಉಳಿದಿರುವುದು ಶಾಲೆಯ ಕೊಠಡಿ, ಟ್ಯೂಶನ್ನಿನ ಕೊಠಡಿ ಮತ್ತು ಮನೆಯ ಕೊಠಡಿ.

ಇದಕ್ಕೆ ಮಳೆಗಾಲವನ್ನೂ ಸೇರಿಸಿಕೊಳ್ಳಬೇಕು. ಮುಂಬಯಿಯ ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಜೂನ್‌ನಿಂದ ಸಪ್ಟೆಂಬರ್‌ವರೆಗೆ ಬೀಳುವ ಸರಾಸರಿ ಮಳೆ 2,200 ಮಿಲಿಮೀಟರಿಗೂ ಮಿಕ್ಕಿದ್ದು. 2005ರ ಜುಲೈ 26ರಂದು ಒಂದೇ ದಿನ ಅಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನೂ, ನಮ್ಮ ದಹಿಸರ್ ನದಿ ಉಕ್ಕಿ ಹರಿದುದನ್ನೂ ಕಂಡವರು ಮರೆಯಲಾರರು. ಶಾಲಾವರ್ಷದ ಮೊದಲ ನಾಲ್ಕು ತಿಂಗಳು ಮೈದಾನವಿದ್ದ ಶಾಲೆಗಳಲ್ಲಿಯೂ ಅದು ಕೆಸರಿನ ಕೊಳವೇ ಸರಿ. ಆಟದ ಪಿರಿಯಡ್ ಬಂದರೆ ‘ಪುಸ್ತಕ ತೆಗೆಯಿರಿ’ ಎಂಬ ಅಪ್ಪಣೆ. ಹೀಗೆ ಕುಳಿತಲ್ಲಿಂದ ಎದ್ದು ಮತ್ತೊಂದು ಕಡೆ ಕುಳಿತುಕೊಳ್ಳುವುದೇ ಮಗುವಿನ ದಿನಚರಿಯಾಗಿದೆ.

ಮೈದಾನವಿಲ್ಲದಿದ್ದರೂ, ಬೆಂಚುಗಳ ನಡುವಣ ಅಲ್ಪ ಸ್ಥಳದಲ್ಲಿ, ಒಂದು ಸೀಮೆಸುಣ್ಣದ ತುಂಡಿನ ಖರ್ಚಿನಲ್ಲಿ, ಇಡೀ ತರಗತಿಯನ್ನು ಏಕಕಾಲಕ್ಕೆ ಎಬ್ಬಿಸಿ ಆಡಿಸಲು ಸಾಧ್ಯವೆಂಬುದನ್ನು ತಿಳಿಸುವುದೇ ಪ್ರಕೃತ ಲೇಖನದ ಉದ್ದೇಶ. ಆದರೆ ಎಲ್ಲ ಆಟಗಳೂ ಸಮಾನವಲ್ಲ. ಕೆಲವು ಆಟಗಳು ಮಕ್ಕಳನ್ನು ಆಡಿಸುವುದಕ್ಕಿಂತ ಹೆಚ್ಚಾಗಿ ಕೂರಿಸುತ್ತವೆ. ಈ ವ್ಯತ್ಯಾಸ ನನಗೆ ಅರಿವಾದುದು ನನ್ನದೇ ಒಂದು ತಪ್ಪಿನಿಂದ. ಅದನ್ನು ಮುಂದೆ ವಿವರಿಸುತ್ತೇನೆ.

ಮಗುವಿಗೆ ಎಷ್ಟು ಚಲನೆ ಬೇಕು?

ನಾನು ವೈದ್ಯನಲ್ಲ, ಆದುದರಿಂದ ತಜ್ಞರ ಅಭಿಪ್ರಾಯವನ್ನೇ ಮುಂದಿಡುವುದು ಉಚಿತ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯ ಪ್ರಕಾರ 5ರಿಂದ 17 ವರ್ಷದ ಮಕ್ಕಳು ದಿನವೊಂದಕ್ಕೆ ಸರಾಸರಿ 60 ನಿಮಿಷ ಮಧ್ಯಮದಿಂದ ತೀವ್ರ ಮಟ್ಟದ ದೈಹಿಕ ಚಟುವಟಿಕೆಯಲ್ಲಿ ತೊಡಗಬೇಕು. ವಾರದಲ್ಲಿ ಕನಿಷ್ಠ ಮೂರು ದಿನ ಓಟ, ಜಿಗಿತಗಳಂಥ, ಸ್ನಾಯು ಮತ್ತು ಎಲುಬುಗಳನ್ನು ಬಲಪಡಿಸುವ ಚಟುವಟಿಕೆ ಇರಬೇಕು. ಮಧ್ಯಮ ಮಟ್ಟವೆಂದರೇನೆಂಬುದನ್ನು ಅರಿಯಲು ಯಾವ ಯಂತ್ರವೂ ಬೇಡ. ಆಡುತ್ತಿರುವ ಮಗು ಮಾತನಾಡಬಲ್ಲದು, ಆದರೆ ಹಾಡಲಾರದು ಎಂದಾದರೆ ಅದು ಮಧ್ಯಮ ಮಟ್ಟ. ನಾಲ್ಕು ಮಾತನ್ನೂ ಉಸಿರೆಳೆದುಕೊಳ್ಳದೆ ಆಡಲಾರದು ಎಂದಾದರೆ ಅದು ತೀವ್ರ ಮಟ್ಟ.

ವಾಸ್ತವ ಸ್ಥಿತಿ ಹೇಗಿದೆ? 146 ದೇಶಗಳ 2016ರ ಅಂಕಿಅಂಶಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಂತೆ 11ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 81ರಷ್ಟು ಮಂದಿಗೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ಹುಡುಗರಲ್ಲಿ ಈ ಪ್ರಮಾಣ ಶೇಕಡಾ 78, ಹುಡುಗಿಯರಲ್ಲಿ 85. ಅಂದರೆ ಇದು ದಹಿಸರ್‌ನ ಸಮಸ್ಯೆ ಮಾತ್ರವಲ್ಲ, ಜಗತ್ತಿನ ಸಮಸ್ಯೆ. ಹೆಣ್ಣುಮಕ್ಕಳ ಪಾಲಿಗಂತೂ ಇನ್ನಷ್ಟು ದೊಡ್ಡದು.

ಚಲನೆಯಿಂದ ದೇಹದಲ್ಲಿ ಆಗುವುದೇನು? ನಡೆದಾಗ, ಜಿಗಿದಾಗ ಕಾಲಿನ ಸ್ನಾಯುಗಳು ಸಂಕುಚಿಸಿ ರಕ್ತನಾಳಗಳನ್ನು ಒತ್ತುತ್ತವೆ. ಕೆಳಗಿಳಿದ ರಕ್ತ ಹೃದಯದತ್ತ ಬೇಗನೆ ಮರಳುತ್ತದೆ. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಇಂಧನವಾಗಿ ಹೀರಿಕೊಳ್ಳುತ್ತದೆ. ನೆಲಕ್ಕೆ ಪಾದ ಬಡಿದಾಗಿನ ಪೆಟ್ಟು ಬೆಳೆಯುವ ಎಲುಬಿಗೆ ಗಟ್ಟಿಯಾಗಲು ಕೊಡುವ ಸಂಕೇತ. ಬಾಲ್ಯ ಮತ್ತು ಹರೆಯದಲ್ಲಿ ಎಲುಬಿನಲ್ಲಿ ಕೂಡಿಟ್ಟ ಬಲವೇ ಮುಪ್ಪಿನವರೆಗಿನ ಮೂಲಧನ.

ನಮಗೆ ಇದರಲ್ಲಿ ವಿಶೇಷ ಕಾಳಜಿ ಇರಬೇಕಾದ ಕಾರಣವೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆ ದೇಶದಲ್ಲಿ ಸುಮಾರು 10 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅಂದಾಜು ಮಾಡಿದೆ. ಭಾರತೀಯರಿಗೆ ಈ ರೋಗವು ಪಾಶ್ಚಾತ್ಯರಿಗಿಂತ ಚಿಕ್ಕ ವಯಸ್ಸಿನಲ್ಲಿ, ಕಡಿಮೆ ತೂಕದಲ್ಲಿಯೇ ಅಂಟಿಕೊಳ್ಳುತ್ತದೆ ಎಂಬುದನ್ನು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಹೊಟೇಲಿನಲ್ಲಿ, ಕಚೇರಿಯಲ್ಲಿ ದುಡಿದು ನಲವತ್ತು ದಾಟುವಷ್ಟರಲ್ಲಿಯೇ ಗುಳಿಗೆಯ ಡಬ್ಬಿಯನ್ನು ಜೇಬಿನಲ್ಲಿಟ್ಟುಕೊಂಡವರು ನಮ್ಮ ಸಂಘದ ಸಭೆಗಳಲ್ಲಿ ಸುತ್ತ ನೋಡಿದರೆ ಕಾಣಸಿಗುತ್ತಾರೆ. ಮಕ್ಕಳಿಗೆ ನಾವು ಬಿಟ್ಟುಹೋಗುವ ಆಸ್ತಿಯಲ್ಲಿ ಈ ಡಬ್ಬಿಯೂ ಸೇರಬೇಕೆ?

ನನ್ನ ತಪ್ಪು

ನಮ್ಮ ಸಂಘದ ರವಿವಾರದ ಕನ್ನಡ ತರಗತಿಯಲ್ಲಿ ನೆರವಾಗುವ ಅವಕಾಶ ನನಗೊದಗಿದೆ. ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿನ ಸಭಾಗೃಹ, ಇಪ್ಪತ್ತರಷ್ಟು ಮಕ್ಕಳು. ಬಹುತೇಕರು ಇಂಗ್ಲಿಷ್ ಮಾಧ್ಯಮದವರು. ಮನೆಯಲ್ಲಿ ತುಳುವೋ ಕೊಂಕಣಿಯೋ ಕುಂದಾಪುರದ ಕನ್ನಡವೋ, ಓಣಿಯಲ್ಲಿ ಹಿಂದಿ, ಮರಾಠಿ. ವಾರಕ್ಕೊಂದೇ ರಜೆಯಿರುವ ಮಕ್ಕಳನ್ನು ಅಕ್ಷರ ತಿದ್ದಲು ಕೂರಿಸುವಾಗ ಕೊನೆಯ ಕಾಲುಗಂಟೆಯಾದರೂ ಆಡಲಿ ಎಂದು ಸಂಗೀತ ಕುರ್ಚಿಯನ್ನು ಆಡಿಸುತ್ತಿದ್ದೆ. ಎಲ್ಲರಿಗೂ ಸಂತೋಷವೆಂದೇ ನಂಬಿದ್ದೆ.

ಒಂಬತ್ತು ವರ್ಷದ, ತುಸು ಸ್ಥೂಲ ಶರೀರದ ಹುಡುಗನೊಬ್ಬ ಒಮ್ಮೆ ಮೂರು ವಾರ ಸತತವಾಗಿ ಬರಲಿಲ್ಲ. ಮಾರ್ಕೆಟಿನಲ್ಲಿ ಸಿಕ್ಕ ಅವನ ತಾಯಿ, “ಅವನಿಗೆ ಕನ್ನಡ ಬೇಡವಂತೆ ಅಣ್ಣಾ. ಎಷ್ಟು ಹೇಳಿದರೂ ಕೇಳುವುದಿಲ್ಲ” ಎಂದು ಬೇಸರದಿಂದ ಹೇಳಿದರು. ಮನೆಗೆ ಹೋಗಿ ಹುಡುಗನನ್ನೇ ಕೇಳಿದೆ. ಅವನು ತಲೆ ತಗ್ಗಿಸಿ, “ಕನ್ನಡ ಬೇಕು ಅಂಕಲ್. ಕುರ್ಚಿ ಆಟ ಬೇಡ. ನಾನೇ ಫಸ್ಟ್ ಔಟ್ ಆಗೋದು, ಎಲ್ಲರೂ ನಗ್ತಾರೆ” ಎಂದ.

ಮನೆಗೆ ಮರಳಿದವನು ಲೆಕ್ಕ ಹಾಕಿದೆ. ಅದು ನನ್ನ ವೃತ್ತಿಯಿಂದ ಬಂದ ಚಾಳಿ. 20 ಮಕ್ಕಳ ಸಂಗೀತ ಕುರ್ಚಿಯಲ್ಲಿ 19 ಸುತ್ತುಗಳು. ಮೊದಲ ಸುತ್ತಿನಲ್ಲಿ 20 ಮಂದಿ ಓಡುತ್ತಾರೆ, ಎರಡನೆಯದರಲ್ಲಿ 19, ಕೊನೆಯದರಲ್ಲಿ ಇಬ್ಬರು. ಎಲ್ಲರೂ ಎಲ್ಲ ಸುತ್ತುಗಳಲ್ಲಿ ಓಡಿದ್ದರೆ ಒಟ್ಟು 380 ಓಟಗಳಾಗುತ್ತಿದ್ದವು. ನಿಜವಾಗಿ ಆಗುವುದು 209. ಅಂದರೆ ಶೇಕಡಾ 45ರಷ್ಟು ಪಾಲು ಗೋಡೆಗೊರಗಿ ಕುಳಿತು ಕಳೆಯುವುದೇ. ಇದಕ್ಕಿಂತ ಶೋಚನೀಯವಾದುದು ಹಂಚಿಕೆ. ಗೆದ್ದ ಚುರುಕಿನ ಮಗು 19 ಸುತ್ತು ಓಡುತ್ತದೆ. ಮೊದಲು ಹೊರಬಿದ್ದ ಮಗು ಒಂದೇ ಸುತ್ತು. ಯಾರಿಗೆ ಓಟ ಅತ್ಯವಶ್ಯವೋ ಅವರಿಗೇ ಅದು ಅತ್ಯಲ್ಪ. ಇದ್ದವನ ಖಾತೆಗೇ ಜಮೆ, ಇಲ್ಲದವನ ಖಾತೆಗೆ ಖರ್ಚು!

ಇತರ ಆಟಗಳನ್ನೂ ಇದೇ ರೀತಿ ಪರಿಶೀಲಿಸಬಹುದು. ಎಲ್ಲರೂ ವೃತ್ತಾಕಾರದಲ್ಲಿ ಕುಳಿತು, ಒಬ್ಬನು ಹಿಂದಿನಿಂದ ಟೋಪಿಯನ್ನಿಟ್ಟು ಓಡುವ ಟೋಪಿ ಆಟ ಮನೋರಂಜಕವೇನೋ ಹೌದು. ಆದರೆ ಯಾವ ಕ್ಷಣದಲ್ಲೂ ಓಡುವವರು ಇಬ್ಬರೇ. 20 ಮಕ್ಕಳು ಹತ್ತು ನಿಮಿಷ ಆಡಿದರೆ ತಲೆಗೆ ದೊರೆಯುವುದು ಒಂದು ನಿಮಿಷ. ಇಪ್ಪತ್ತೂ ಮಂದಿಯನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ರಿಲೇ ಓಟ ನಡೆಸಿದರೆ ತಲೆಗೆ ಅರ್ಧ ನಿಮಿಷ. ಐದೈದು ಮಂದಿಯ ನಾಲ್ಕು ಸಾಲು ಮಾಡಿದರೆ ಅದೇ ಓಟದಲ್ಲಿ ಎರಡು ನಿಮಿಷ. ಆದುದರಿಂದ ಆಟವನ್ನು ಆರಿಸುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ಹತ್ತು ನಿಮಿಷಗಳಲ್ಲಿ ಅತ್ಯಂತ ನಿಧಾನದ ಮಗು ಎಷ್ಟು ನಿಮಿಷ ಚಲಿಸುತ್ತದೆ?

ಹಿಂದಿನವರ ಪ್ರಯೋಗಗಳು

ಆಟ ಬೇರೆ, ಪಾಠ ಬೇರೆ ಎಂಬ ಭಾವನೆಯನ್ನು ನಮ್ಮವರು ಎಂದೋ ಪ್ರಶ್ನಿಸಿದ್ದಾರೆ. ದಹಿಸರ್‌ನಿಂದ ಇದೇ ಪಶ್ಚಿಮ ರೈಲು ಮಾರ್ಗದಲ್ಲಿ ಉತ್ತರಕ್ಕೆ ಸಾಗಿದರೆ ಡಹಾಣು ಸಿಗುತ್ತದೆ. ಅದರ ಆಸುಪಾಸಿನ ಬೋರ್ಡಿಯಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಅವರು ಗ್ರಾಮೀಣ ಮಕ್ಕಳಿಗಾಗಿ ಬಾಲಶಿಕ್ಷಣ ಕೇಂದ್ರವನ್ನು ತೆರೆದರು. ಮುಂದೆ ಕೋಸಬಾಡದಲ್ಲಿ ಅನುತಾಯಿ ವಾಘ್ ಅವರೊಡನೆ ಆದಿವಾಸಿ ಮಕ್ಕಳ ನಡುವೆ ಆ ಕಾರ್ಯವನ್ನು ಬೆಳೆಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕು, ಸುತ್ತಮುತ್ತ ಸಿಗುವ ವಸ್ತುಗಳೇ ಆಟದ ಸಾಮಗ್ರಿಯಾಗಬೇಕು ಎಂಬುದು ಅವರ ನಿಲುವಾಗಿತ್ತು. ನಮ್ಮ ಕರಾವಳಿಯ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನದಲ್ಲಿ ಆಟ, ಕುಣಿತ, ನಾಟಕಗಳ ಮೂಲಕ ಮಕ್ಕಳಿಗೆ ಕಲಿಸಲು ನಡೆಸಿದ ಪ್ರಯೋಗಗಳು ಓದುಗರಿಗೆ ಪರಿಚಿತವೇ ಇವೆ.

ಇತ್ತೀಚಿನ ನಿದರ್ಶನ ಕರ್ನಾಟಕದ ‘ನಲಿ-ಕಲಿ’. ಆಂಧ್ರ ಪ್ರದೇಶದ ರಿಷಿ ವ್ಯಾಲಿಯ ಶಾಲೆಗಳನ್ನು ಕಂಡುಬಂದ ಶಿಕ್ಷಕರು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ, ಯುನಿಸೆಫ್ ನೆರವಿನೊಡನೆ, ಇದನ್ನು ಆರಂಭಿಸಿದರು. ಹಾಡು, ಕತೆ, ಆಟ, ಚಿತ್ರದ ಕಾರ್ಡುಗಳ ಮೂಲಕ ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವ ಈ ಪದ್ಧತಿ ಮುಂದೆ ರಾಜ್ಯದ ಸರಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವ್ಯಾಪಿಸಿತು.

ಹೊರದೇಶಗಳಲ್ಲೂ ಇಂಥ ಯತ್ನಗಳಾಗಿವೆ. ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಪಟ್ಟಣದ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ 2012ರಲ್ಲಿ ಮಕ್ಕಳನ್ನು ದಿನಕ್ಕೆ 15 ನಿಮಿಷ ಓಡಲು, ನಡೆಯಲು ಹೊರಗೆ ಕಳುಹಿಸತೊಡಗಿದರು. ‘ದಿನಕ್ಕೊಂದು ಮೈಲಿ’ ಎಂಬ ಹೆಸರಿನಿಂದ ಅದು ಹಲವು ದೇಶಗಳಿಗೆ ಹರಡಿತು. ಅಮೆರಿಕದ ಉತ್ತರ ಕೆರೊಲಿನಾದಲ್ಲಿ ತರಗತಿಯೊಳಗೇ ದಿನಕ್ಕೆ ಸುಮಾರು 10 ನಿಮಿಷ ಚಟುವಟಿಕೆಗಳನ್ನು ಮಾಡಿಸಿ ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಆ ಮಕ್ಕಳು ಶಾಲೆಯಲ್ಲಿ ಇತರರಿಗಿಂತ ದಿನಕ್ಕೆ 780ರಷ್ಟು ಹೆಚ್ಚು ಹೆಜ್ಜೆ ಹಾಕಿದರು. ಅಷ್ಟೇ ಅಲ್ಲ, ಆ ಬಳಿಕದ ಪಾಠದಲ್ಲಿ ಅವರ ಗಮನವೂ ಹೆಚ್ಚಿತು. ಆಟಕ್ಕೆ ಕೊಟ್ಟ ಹತ್ತು ನಿಮಿಷ ಪಾಠಕ್ಕಾದ ನಷ್ಟವೆಂದು ಭಾವಿಸುವ ಪಾಲಕರು ಇದನ್ನು ಗಮನಿಸಬೇಕು.

ಕೆಲವು ಸರಳ ಆಟಗಳು

ಇನ್ನು ಆಟಗಳ ವಿಷಯ. ಕೆಳಗಿನವುಗಳಲ್ಲಿ ಹೆಚ್ಚಿನವು ನಾವೆಲ್ಲ ಬಲ್ಲ ಆಟಗಳೇ. ಯಾರೂ ‘ಔಟ್’ ಆಗದಂತೆ ಅವುಗಳನ್ನು ಸ್ವಲ್ಪ ಮಾರ್ಪಡಿಸಲಾಗಿದೆ.

1. ಕೆರೆ–ದಡ: ನೆಲದ ಮೇಲೆ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆಯಬೇಕು. ಒಂದು ಬದಿ ಕೆರೆ, ಇನ್ನೊಂದು ದಡ. ಹೇಳುವವರು ‘ಕೆರೆ’ ಎಂದರೆ ಮುಂದಕ್ಕೆ, ‘ದಡ’ ಎಂದರೆ ಹಿಂದಕ್ಕೆ ಜಿಗಿಯಬೇಕು. ‘ದಡ, ದಡ, ಕೆರೆ’ ಎಂದು ನಡುನಡುವೆ ಮೋಸಗೊಳಿಸಬಹುದು. ಊರಿನ ಶಾಲೆಯಲ್ಲಿ ಮಳೆ ಹಿಡಿದ ದಿನ ನಮಗೆ ಇದೇ ಆಟ. ಅಲ್ಲಿ ತಪ್ಪಿದವನು ಹೊರಗೆ ಹೋಗುತ್ತಿದ್ದ. ಇಲ್ಲಿ ಮಕ್ಕಳನ್ನು ಎರಡು ತಂಡಗಳಾಗಿಸಿ ಎರಡು ಗೆರೆಗಳಲ್ಲಿ ನಿಲ್ಲಿಸಬೇಕು; ತಪ್ಪಿದವನು ಇನ್ನೊಂದು ತಂಡಕ್ಕೆ ಸೇರಿ ಆಟ ಮುಂದುವರಿಸಬೇಕು. ಕೊನೆಗೆ ಯಾವ ತಂಡ ದೊಡ್ಡದೋ ಅದು ಗೆದ್ದಂತೆ. ಆಟ ರೂಢಿಯಾದ ಮೇಲೆ ಕೆರೆ–ದಡಗಳ ಬದಲು ಹಣ್ಣು–ತರಕಾರಿ ಎಂದಿಟ್ಟುಕೊಂಡು ಮಾವು, ಬದನೆ, ಹಲಸು, ಬೆಂಡೆ ಎಂದು ಕೂಗಬಹುದು. ಕನ್ನಡದ ಹೆಸರು ತಿಳಿಯದೆ ಜಿಗಿಯಲಾಗದು!

2. ಅಜ್ಜಿ ಹೇಳಿದರು: ಮಹಾರಾಷ್ಟ್ರದ ಶಾಲೆಗಳಲ್ಲಿ ‘ಶಿವಾಜಿ ಮ್ಹಣತೋ’ ಎಂಬ ಆಟ ಪ್ರಸಿದ್ಧವಾಗಿದೆ. ‘ಶಿವಾಜಿ ಹೇಳುತ್ತಾನೆ’ ಎಂಬ ಮಾತು ಮೊದಲು ಬಂದರೆ ಮಾತ್ರ ಆಜ್ಞೆಯನ್ನು ಪಾಲಿಸಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ನಾವು ಇದನ್ನೇ ‘ಅಜ್ಜಿ ಹೇಳಿದರು’ ಎಂದು ಮಾಡಿಕೊಂಡಿದ್ದೇವೆ. ‘ಅಜ್ಜಿ ಹೇಳಿದರು, ಬಗ್ಗಿ ಪಾದ ಮುಟ್ಟಿ’, ‘ಅಜ್ಜಿ ಹೇಳಿದರು, ಕುಂಟುತ್ತಾ ಸುತ್ತು ಬನ್ನಿ’, ‘ಅಜ್ಜಿ ಹೇಳಿದರು, ನಿಂತಲ್ಲೇ ಓಡಿ’, ‘ನಿಲ್ಲಿ!’ ಕೊನೆಯದನ್ನು ಅಜ್ಜಿ ಹೇಳಲಿಲ್ಲವಾದ್ದರಿಂದ ಓಡುತ್ತಲೇ ಇರಬೇಕು. ತಪ್ಪಿದ ಮಗುವೇ ಮುಂದಿನ ಆಜ್ಞೆ ಕೊಡುವ ಅಜ್ಜಿ. ತಾನೂ ಮಾಡಿ ತೋರಿಸುತ್ತಲೇ ಆಜ್ಞೆ ಕೊಡಬೇಕು. ಬೆಂಚಿನ ಪಕ್ಕದಲ್ಲಿ ಎರಡು ಅಡಿ ಜಾಗವಿದ್ದರೆ ಸಾಕು.

3. ವಿಷ–ಅಮೃತ: ಇದು ಮುಂಬಯಿಯ ಓಣಿಗಳ ಆಟ. ‘ವಿಷ’ವಾದವನು ಮುಟ್ಟಿದರೆ ಕಲ್ಲಿನಂತೆ ನಿಲ್ಲಬೇಕು, ‘ಅಮೃತ’ವಾದ ಗೆಳೆಯರು ಮುಟ್ಟಿದರೆ ಮತ್ತೆ ಜೀವ. ಬೆಂಚುಗಳನ್ನು ಬದಿಗೆ ಸರಿಸಿ ಆಡಬೇಕು. ಕೊಠಡಿಯೊಳಗೆ ಓಟವನ್ನು ನಿಷೇಧಿಸಿ, ಹಿಮ್ಮಡಿಗೆ ಬೆರಳು ತಾಗಿಸಿ ನಡೆಯುವ ಸಣ್ಣ ಹೆಜ್ಜೆಯ ನಿಯಮವನ್ನಿಟ್ಟರೆ ಡಿಕ್ಕಿಯ ಭಯವಿಲ್ಲ. ವೇಗದವನಿಗೂ ನಿಧಾನದವನಿಗೂ ಅಂತರ ಕಡಿಮೆಯಾಗುತ್ತದೆ. ನಿಂತ ಮಗು ಸುಮ್ಮನೆ ನಿಲ್ಲದೆ ನಿಂತಲ್ಲೇ ಕಾಲೆತ್ತಿ ಹಾಕುತ್ತಿರಲಿ.

4. ದೋಣಿಗೆ ಎಷ್ಟು ಮಂದಿ: ಎಲ್ಲರೂ ಕೈಬೀಸಿ ಕೊಠಡಿಯನ್ನು ಸುತ್ತುತ್ತಿರಬೇಕು. ‘ದೋಣಿಗೆ ನಾಲ್ಕು’ ಎಂದೊಡನೆ ನಾಲ್ಕು ನಾಲ್ಕು ಮಂದಿ ಕೂಡಿ ನಿಲ್ಲಬೇಕು. 23 ಮಕ್ಕಳಿದ್ದರೆ ಐದು ದೋಣಿ, ಮೂವರು ಶೇಷ. ಶೇಷ ಉಳಿದವರು ಸೋತವರಲ್ಲ. ಮುಂದಿನ ಸಂಖ್ಯೆಯನ್ನು ಕೂಗುವ ಅಂಬಿಗರು. ಭಾಗಾಕಾರದ ಪಾಠವೂ ಇದರಲ್ಲಿ ತಾನಾಗಿ ಆಗುತ್ತದೆ.

5. ನಾಲ್ಕು ದಿಕ್ಕು: ಕೊಠಡಿಯ ನಾಲ್ಕು ಗೋಡೆಗಳಿಗೆ ನಿಜವಾದ ದಿಕ್ಕಿನ ಹೆಸರನ್ನೇ ಕೊಡಬೇಕು. ‘ಬೊರಿವಲಿ’ ಎಂದರೆ ದಕ್ಷಿಣದ ಗೋಡೆಗೆ, ‘ಮೀರಾ ರೋಡ್’ ಎಂದರೆ ಉತ್ತರಕ್ಕೆ, ‘ಕಾಡು’ ಎಂದರೆ ರಾಷ್ಟ್ರೀಯ ಉದ್ಯಾನವಿರುವ ಪೂರ್ವಕ್ಕೆ, ‘ಕಡಲು’ ಎಂದರೆ ಪಶ್ಚಿಮಕ್ಕೆ ಬೇಗ ಬೇಗ ನಡೆಯಬೇಕು. ‘ಉಡುಪಿ’ ಎಂದಾಗ ಎತ್ತ ಹೋಗುವುದೆಂದು ಮಕ್ಕಳಿಗೆ ತೋಚುವುದಿಲ್ಲ. ಅಲ್ಲಿಯೂ ಕಡಲು ಪಶ್ಚಿಮಕ್ಕೆ, ಬೆಟ್ಟ ಪೂರ್ವಕ್ಕೆ, ಊರು ಮಾತ್ರ ಇಲ್ಲಿಂದ ದಕ್ಷಿಣಕ್ಕೆ ಎಂದು ಹೇಳಿಕೊಡಲು ಅದೇ ಸುಸಮಯ.

6. ಹಲಗೆಯ ಓಟ: ಐದೈದು ಮಂದಿಯ ಸಾಲುಗಳು. ಸಾಲಿನ ಮೊದಲನೆಯವರು ಕುಂಟುತ್ತಲೋ ಕಪ್ಪೆಯಂತೆ ಕುಪ್ಪಳಿಸುತ್ತಲೋ ಕರಿಹಲಗೆಯನ್ನು ತಲಪಿ ಕಾಗುಣಿತದ ಒಂದು ಅಕ್ಷರವನ್ನು ಬರೆದು ಮರಳಬೇಕು, ಅನಂತರ ಎರಡನೆಯವರು. ಸಾಲಿನಲ್ಲಿ ಕಾಯುವವರು ನಿಂತಲ್ಲೇ ನಡಿಗೆ ಹಾಕುತ್ತಿರಬೇಕು. ಮೊದಲು ಮುಗಿಸಿದವರಿಗಿಂತ ತಪ್ಪಿಲ್ಲದೆ ಮುಗಿಸಿದವರಿಗೆ ಹೆಚ್ಚು ಅಂಕ ಕೊಟ್ಟರೆ ನೂಕುನುಗ್ಗಲು ತಪ್ಪುತ್ತದೆ.

7. ಕುರ್ಚಿಯಿಲ್ಲದ ಸಂಗೀತ ಕುರ್ಚಿ: ನೆಲದ ಮೇಲೆ ಸೀಮೆಸುಣ್ಣದ ವೃತ್ತಗಳನ್ನು ಬರೆದು, ಪ್ರತಿ ಸುತ್ತಿಗೆ ಒಂದು ವೃತ್ತವನ್ನು ಅಳಿಸುತ್ತ ಹೋಗಬೇಕು. ಮಕ್ಕಳು ಮಾತ್ರ ಅಷ್ಟೇ ಮಂದಿ. ಹಾಡು ನಿಂತಾಗ ಉಳಿದ ವೃತ್ತಗಳಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹಿಡಿದು ನಿಲ್ಲಬೇಕು. ಐದಾರು ವೃತ್ತಗಳು ಉಳಿದಾಗ ನಿಲ್ಲಿಸಿದರೆ ಸಾಕು. ಕೆಲವರು ವೃತ್ತದ ಬದಲು ವರ್ತಮಾನಪತ್ರಿಕೆ ಹಾಸುತ್ತಾರೆ. ನುಣುಪಾದ ನೆಲದಲ್ಲಿ ಅದು ಜಾರುವುದರಿಂದ ಬೇಡ.

8. ಮಳೆ ಬಂತು: ಇದು ಕೊನೆಯ ಆಟ, ಏರಿದ ಉಸಿರನ್ನು ಇಳಿಸಲು. ಅಂಗೈಗೆ ಒಂದು ಬೆರಳಿನಿಂದ ತಟ್ಟುತ್ತ ಆರಂಭಿಸಿ, ಎರಡು, ಮೂರು, ನಾಲ್ಕು ಬೆರಳಿಗೆ ಏರಿಸಿ, ತೊಡೆ ತಟ್ಟಿ ಜಡಿಮಳೆಯನ್ನು ಬರಿಸಿ, ಅದೇ ಕ್ರಮದಲ್ಲಿ ಇಳಿಸುತ್ತ ಬಂದು ಮೌನಕ್ಕೆ ನಿಲ್ಲಿಸಬೇಕು. ಮಕ್ಕಳು ತಾವಾಗಿ ಪಾಠಕ್ಕೆ ಸಿದ್ಧರಾಗಿರುತ್ತಾರೆ.

ಈ ಆಟಗಳಲ್ಲಿ ಆಜ್ಞೆಗಳೆಲ್ಲ ಕನ್ನಡದಲ್ಲಿರುವುದನ್ನು ಓದುಗರು ಗಮನಿಸಿರಬಹುದು. ಭಾಷೆಯನ್ನು ಕೇಳಿ, ಅದರಂತೆ ದೇಹವನ್ನು ಚಲಿಸಿದಾಗ ಪದಗಳು ಸುಲಭವಾಗಿ ನೆನಪಿನಲ್ಲಿ ನಿಲ್ಲುತ್ತವೆ ಎಂಬ ತತ್ತ್ವದ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಆಶರ್ 1960ರ ದಶಕದಲ್ಲಿಯೇ ಭಾಷಾಬೋಧನೆಯ ಕ್ರಮವೊಂದನ್ನು ರೂಪಿಸಿದ್ದರು. ‘ಬಗ್ಗು’, ‘ಕುಂಟು’, ‘ಹಿಂದೆ ಸರಿ’ ಎಂಬ ಕ್ರಿಯಾಪದಗಳನ್ನು ಪುಸ್ತಕದಿಂದ ಕಲಿಸಲು ತಿಂಗಳು ಬೇಕಾದರೆ, ನೆಲದ ಮೇಲಿನ ಗೆರೆಗೆ ಒಂದು ರವಿವಾರ ಸಾಕು.

ಎಚ್ಚರಿಕೆಗಳು

ಆಟಕ್ಕೆ ಮುನ್ನ ನೆಲ ಒದ್ದೆಯಿದೆಯೇ ಎಂದು ನೋಡಬೇಕು. ಮಳೆಗಾಲದಲ್ಲಿ ಕೊಡೆ, ರೈನ್‌ಕೋಟುಗಳನ್ನು ಹೊರಗೇ ಇಡಿಸಬೇಕು. ಬರಿಯ ಕಾಲುಚೀಲದಲ್ಲಿ ಆಡಬಾರದು; ಬರಿಗಾಲು ಅಥವಾ ಬೂಟು ಲೇಸು. ಬೆಂಚಿನ ಮೂಲೆ, ತೆರೆದ ಕಿಟಕಿ, ಫ್ಯಾನಿನ ವಯರುಗಳ ಕಡೆಗೆ ಮಕ್ಕಳ ಮುಖವಿರಬಾರದು. ಊಟವಾದೊಡನೆ ಜಿಗಿತದ ಆಟ ಬೇಡ. ಮೊದಲ ಒಂದು ನಿಮಿಷ ನಿಧಾನವಾಗಿ ಆರಂಭಿಸಿ, ಕೊನೆಯ ನಿಮಿಷ ನಿಧಾನವಾಗಿ ಮುಗಿಸಬೇಕು. ಕುಡಿಯಲು ನೀರು ಹತ್ತಿರವಿರಬೇಕು.

ದಮ್ಮು, ಹೃದಯದ ತೊಂದರೆ, ಅಪಸ್ಮಾರಗಳಿರುವ ಮಕ್ಕಳ ವಿಷಯವನ್ನು ಪಾಲಕರು ಮುಂಚಿತವಾಗಿ ತಿಳಿಸಬೇಕು, ವೈದ್ಯರ ಸಲಹೆಯಂತೆ ನಡೆಯಬೇಕು. ದಮ್ಮಿನ ಮಕ್ಕಳೆಲ್ಲ ಆಟದಿಂದ ದೂರವಿರಬೇಕೆಂಬುದು ತಪ್ಪು ಕಲ್ಪನೆ. ಸರಿಯಾದ ಔಷಧ ಪಡೆಯುವ ಹೆಚ್ಚಿನ ಮಕ್ಕಳು ಇತರರಂತೆಯೇ ಆಡಬಲ್ಲರು. ಅವರ ಇನ್‌ಹೇಲರ್ ಮಾತ್ರ ಕೈಗೆಟಕುವಂತಿರಬೇಕು. ನಡೆಯಲಾರದ ಮಗುವನ್ನು ಅಂಕ ಬರೆಯಲು ಕೂರಿಸಿ ಸಮಾಧಾನಪಡಬಾರದು. ಇತರರು ಕಾಲಿನಿಂದ ಆಡುವುದನ್ನು ಅದು ಕೈಗಳಿಂದ ಆಡಲಿ.

ವ್ಯಾಯಾಮವನ್ನು ಶಿಕ್ಷೆಯಾಗಿ ಬಳಸಕೂಡದು. ತಪ್ಪಿದವನಿಗೆ ಹತ್ತು ಬಸ್ಕಿ ಎಂದರೆ ಮಗು ಬಸ್ಕಿಯನ್ನು ದ್ವೇಷಿಸಲು ಕಲಿಯುತ್ತದೆ. ಹಾಗೆಯೇ ಕೆಳಗಿನ ಮಾಳಿಗೆಯವರ ಶಾಂತಿಯನ್ನೂ ಮರೆಯಬಾರದು. ನಮ್ಮ ಮೊದಲ ಕೆರೆ–ದಡದ ಐದನೆಯ ನಿಮಿಷಕ್ಕೆ ಕೆಳಗಿನಿಂದ ದೂರು ಬಂದಿತ್ತು. ಅಂದಿನಿಂದ ಅಲ್ಲಿ ಜಿಗಿತದ ಬದಲು ಉದ್ದ ಹೆಜ್ಜೆ ಹಾಕಿಸುತ್ತೇವೆ, ಜಿಗಿತವನ್ನು ನೆಲಮಾಳಿಗೆಯ ಜಾಗ ಸಿಕ್ಕ ದಿನಕ್ಕೆ ಇಟ್ಟುಕೊಳ್ಳುತ್ತೇವೆ.

ಇನ್ನೊಂದು ಮಾತು. ತರಗತಿಯ ಆಟ ಮೈದಾನಕ್ಕೆ ಬದಲಿಯಲ್ಲ. ದಿನಕ್ಕೆ ಎರಡು ಬಾರಿ ಹತ್ತು ಹತ್ತು ನಿಮಿಷ ಆಡಿಸಿದರೂ ಬೇಕಾದ 60 ನಿಮಿಷಗಳಲ್ಲಿ ಮೂರನೆಯ ಒಂದು ಪಾಲು ಮಾತ್ರ. ಹಗಲ ಬೆಳಕಿನಲ್ಲಿ ಹೊರಗೆ ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆಯೆಂಬುದನ್ನೂ ಅಧ್ಯಯನಗಳು ತೋರಿಸಿವೆ. ಆ ಲಾಭವನ್ನು ಯಾವ ಕೊಠಡಿಯೂ ಕೊಡಲಾರದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ಶಾಲೆಗೆ ಆಟದ ಮೈದಾನವಿರಬೇಕೆಂದು ವಿಧಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ದೇಶೀಯ ಆಟಗಳನ್ನು ಪಾಠದೊಳಗೇ ಬೆರೆಸಬೇಕೆನ್ನುತ್ತದೆ. ಪಾಲಕರ ಸಭೆಗಳಲ್ಲಿ ಅಂಕಗಳ ಬಗ್ಗೆ ಕೇಳುವಾಗ, ಆಟದ ಪಿರಿಯಡ್ ನಿಜವಾಗಿ ನಡೆಯುತ್ತಿದೆಯೇ ಎಂದು ಕೇಳುವುದೂ ನಮ್ಮ ಹಕ್ಕು. ಮಳೆ ನಿಂತ ರವಿವಾರಗಳಲ್ಲಿ ಮಕ್ಕಳನ್ನು ಬೊರಿವಲಿಯ ರಾಷ್ಟ್ರೀಯ ಉದ್ಯಾನಕ್ಕೆ ಕರೆದೊಯ್ಯುವುದು ನಮ್ಮ ಕರ್ತವ್ಯ.

ಕೊನೆಯದಾಗಿ

ಆ ಹುಡುಗನ ವಿಷಯವನ್ನು ತಿಳಿಸದೆ ಲೇಖನವನ್ನು ಮುಗಿಸಲಾಗದು. ಕುರ್ಚಿಯ ಆಟವನ್ನು ನಿಲ್ಲಿಸಿದ್ದೇವೆಂದು ಹೇಳಿ ಕಳುಹಿಸಿದ ಮೇಲೂ ಅವನು ಎರಡು ವಾರ ಬರಲಿಲ್ಲ. ಮೂರನೆಯ ರವಿವಾರ ತಾಯಿಯ ಹಿಂದೆ ಅಡಗಿಕೊಂಡು ಬಂದ. ಅಂದು ‘ದೋಣಿಗೆ ಎಷ್ಟು ಮಂದಿ’ ಆಟದಲ್ಲಿ ಶೇಷ ಉಳಿದು ಅಂಬಿಗನಾದ. ತನಗೆ ಬರುವ ಕನ್ನಡ ಸಂಖ್ಯೆಗಳಲ್ಲಿ ದೊಡ್ಡದಾದ ‘ಹನ್ನೊಂದು’ ಎಂದು ಕೂಗಿ ಎಲ್ಲರನ್ನೂ ಗಲಿಬಿಲಿಗೊಳಿಸಿದ. ಈಗಲೂ ಅವನು ನಿಧಾನವಾಗಿಯೇ ಓಡುತ್ತಾನೆ. ಆದರೆ ಆಟ ಮುಗಿಯುವವರೆಗೂ ಓಡುತ್ತಾನೆ. ಅವನ ತೂಕ ಇಳಿಯಿತೇ ಎಂದು ಕೆಲವರು ಕೇಳುತ್ತಾರೆ. ವಾರಕ್ಕೊಮ್ಮೆ ಹತ್ತು ನಿಮಿಷದ ಆಟದಿಂದ ತೂಕ ಇಳಿಯದು. ಆದರೆ ಓಡಲು ನಾಚುತ್ತಿದ್ದ ಮಗು ಓಡಲು ಒಪ್ಪಿತು. ಉಳಿದ ಆರು ದಿನಗಳ ಆಟಕ್ಕೆ ಅದೇ ಬುನಾದಿ.

ನಗರದಲ್ಲಿ ಕನ್ನಡ ಸಂಘಗಳು ನಡೆಸುವ ತರಗತಿಗಳಿವೆ, ಮಕ್ಕಳ ಶಿಬಿರಗಳಿವೆ, ಮಹಾನಗರಪಾಲಿಕೆಯ ಕನ್ನಡ ಶಾಲೆಗಳಿವೆ. ಅಲ್ಲಿ ಕಲಿಸುವ ಅಧ್ಯಾಪಕ ಬಂಧುಗಳೂ ತಾಯಂದಿರೂ ಮೇಲಿನ ಆಟಗಳಲ್ಲಿ ಯಾವುದಾದರೊಂದನ್ನು ಮುಂದಿನ ವಾರವೇ ಆಡಿಸಿ ನೋಡಬೇಕೆಂದು ವಿನಂತಿಸುತ್ತೇನೆ. ಆಡಿಸುವಾಗ ಗೆದ್ದ ಮಗುವನ್ನು ನೋಡುವುದರ ಜೊತೆಗೆ, ಗೋಡೆಗೆ ಒರಗಿ ಕುಳಿತ ಮಗು ಯಾವುದಾದರೂ ಇದೆಯೇ ಎಂದೂ ಒಮ್ಮೆ ತಿರುಗಿ ನೋಡಿರಿ. ಇದ್ದರೆ, ಆಟದ ನಿಯಮವನ್ನು ಬದಲಿಸಿರಿ.